ಬದುಕಿದ್ದಾಗಲೇ ಕಿಡ್ನಿ ದಾನ: ಊರೂರಲ್ಲಿ ತಿಳಿವಳಿಕೆ ಕೊಡುವವರು ಏನು ಹೇಳಬೇಕು, ಎಲ್ಲಿ ನಿಲ್ಲಬೇಕು?

ಕಾವೇರಿದಂಡೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯಿಂದ ಡಯಾಲಿಸಿಸ್‌ಗೆ ಓಡಾಡುವವರ ಮನೆಯವರಿಗೆ ಕಿಡ್ನಿ ಕಸಿ ಬಗ್ಗೆ ತಿಳಿಸಿಕೊಡಬೇಕು ಅಂತ ನಾವೊಂದಿಷ್ಟು ಜನ ಸೇರಿಕೊಂಡಿದ್ದೇವೆ. ಸತ್ತ ಮೇಲೆ ಅಂಗಾಂಗ ದಾನ ಅಂದರೆ ಈಗೀಗ ಜನಕ್ಕೆ ಅರ್ಥ ಆಗುತ್ತೆ, ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯ ಹೆಸರನ್ನೂ ಕೇಳಿರುತ್ತಾರೆ. ಬದುಕಿರುವವರೂ ಕೊಡಬಹುದು ಅಂದ ತಕ್ಷಣ ಮಾತ್ರ ಎರಡೇ ಥರದ ಮಾತು. ಒಂದು, "ಕೊಟ್ಟೋರು ಆಮೇಲೆ ಗೇಯಕ್ಕಾಗಕಿಲ್ಲ, ಮೂಲೆ ಸೇರ್ಕತಾರೆ." ಇನ್ನೊಂದು, "ಎಷ್ಟು ಕೊಡಿಸ್ತೀರಾ?"

ತಿಳಿದವರು ಇವಿಷ್ಟಕ್ಕೆ ದಾರಿ ತೋರಿಸಿ. ದಾನಿಗೆ ಇರುವ ಅಪಾಯವನ್ನು ಅಂಕಿ ಸಮೇತ ಹೇಳಬೇಕಾ, ಹೇಳಿದರೆ ಹೆದರಿ ಓಡಿಹೋಗ್ತಾರಾ? ಅಮೆರಿಕದಲ್ಲಿ ರೋಗಿಯ ಫೋಟೋ, ಬ್ಲಡ್ ಗ್ರೂಪ್ ಹಾಕಿ ದಾನಿ ಬೇಕು ಅಂತ ಸ್ವಯಂಸೇವಕರೇ ಫೇಸ್‌ಬುಕ್‌ನಲ್ಲಿ ಹಾಕ್ತಾರಂತೆ, ಇಲ್ಲೂ ಹಾಗೆ ಮಾಡಬಹುದಾ? ಯಾವ ಜಾಗದಲ್ಲಿ, ಯಾವ ಹೊತ್ತಲ್ಲಿ ಮಾತಾಡಿದರೆ ಜನ ಕಿವಿಗೊಡ್ತಾರೆ? ಕಾಗದಪತ್ರದಲ್ಲಿ ಹಳ್ಳಿಯವರು ಎಲ್ಲಿ ಸಿಕ್ಕಿಹಾಕಿಕೊಳ್ತಾರೆ?

ಕಸಿ ಸಂಯೋಜಕಿ, ಮೈಸೂರು:

ಅಂಕಿ ಹೇಳಿದರೆ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ. ಮುಚ್ಚಿಟ್ಟು ಒಪ್ಪಿಸಿದವರು ಆಪರೇಷನ್ ದಿನ ಗೊತ್ತಾದ ಮೇಲೆ ಇನ್ಯಾರದೋ ಬಾಯಲ್ಲಿ ಅದನ್ನೇ ಕೇಳಿ ಹಿಂದೆ ಸರಿದರೆ ರೋಗಿಗೆ ಆಗುವ ನಷ್ಟ ಬಹಳ ದೊಡ್ಡದು. ಅಷ್ಟರಲ್ಲಿ ತಿಂಗಳುಗಟ್ಟಲೆ ಸಮಯ, ಟೆಸ್ಟಿನ ದುಡ್ಡು ಎರಡೂ ಹೋಗಿರುತ್ತೆ, ಬೇರೆ ದಾನಿಯನ್ನು ಯಾರೂ ಹುಡುಕಿಟ್ಟಿರುವುದಿಲ್ಲ.

ಸಾವಿನ ಅಪಾಯ: ಅಮೆರಿಕದ ದಾನಿಗಳನ್ನು ನೋಡಿ 2010ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ಆಪರೇಷನ್ ಆಗಿ 90 ದಿನದೊಳಗೆ 10,000 ದಾನಿಗಳಲ್ಲಿ ಸುಮಾರು 3 ಜನ. ಅಲ್ಲಿನ ಇತ್ತೀಚಿನ ಲೆಕ್ಕದಲ್ಲಿ ಇದು 1ರ ಹತ್ತಿರಕ್ಕೆ ಇಳಿದಿದೆ. ಮುಂದೆ ದಾನಿಯ ಕಿಡ್ನಿಯೇ ಕೈಕೊಡುವ ಸಾಧ್ಯತೆ ಬಗ್ಗೆ 2014ರ ಅಧ್ಯಯನ ಮೂರು ಅಂಕಿ ಕೊಡುತ್ತೆ. ಜೀವಮಾನದಲ್ಲಿ 10,000 ದಾನಿಗಳಲ್ಲಿ 90 ಜನಕ್ಕೆ ಕಿಡ್ನಿ ವೈಫಲ್ಯ ಬರಬಹುದು. ಯಾವ ತಪಾಸಣೆಯೂ ಆಗದ ಸಾಮಾನ್ಯ ಜನರಲ್ಲಿ 326. ದಾನಿಗಳಷ್ಟೇ ಆರೋಗ್ಯವಾಗಿದ್ದು, ದಾನ ಮಾಡದೆ ಉಳಿದವರಲ್ಲಿ 14.

ಸ್ವಯಂಸೇವಕರು ಸಾಮಾನ್ಯವಾಗಿ ಮೊದಲ ಎರಡನ್ನು ಹೇಳಿ, "ನೋಡಿ, ದಾನಿಗಳು ಎಲ್ಲರಿಗಿಂತ ಗಟ್ಟಿ" ಅಂದುಬಿಡುತ್ತಾರೆ. ಅದು ಅರ್ಧ ಸತ್ಯ. ದಾನಿಗಳನ್ನು ಜರಡಿ ಹಿಡಿದು ಆರಿಸಿರುತ್ತಾರೆ, ಹಾಗಾಗಿ ಅವರನ್ನು ಹೋಲಿಸಬೇಕಾದ್ದು 14ರ ಜೊತೆಗೆ. ಅಪಾಯ ಸಣ್ಣದು, ಆದರೆ ದಾನದಿಂದ ಹೆಚ್ಚಾಗುತ್ತೆ ಅನ್ನುವುದು ನಿಜ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ತಪ್ಪದೆ ಹೇಳಿ. ಕಿಡ್ನಿ ಕೊಟ್ಟ ಮೇಲೆ ಬಸಿರಾದರೆ ಬಿಪಿ ಏರುವ ತೊಂದರೆ 11% ಜನಕ್ಕೆ, ಕೊಡದವರಲ್ಲಿ 5%. ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಆದರೆ ಇನ್ನೂ ಮಕ್ಕಳು ಬೇಕು ಅನ್ನುವವರು ಇದನ್ನು ತಿಳಿದುಕೊಂಡೇ ತೀರ್ಮಾನ ಮಾಡಬೇಕು.

ಗೇಯುವ ಪ್ರಶ್ನೆಗೆ: ದಾನಿಯ ಆಪರೇಷನ್ ಈಗ ಹೆಚ್ಚಾಗಿ ಲ್ಯಾಪ್ರೋಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳ ಮೂಲಕವೇ ಆಗುತ್ತೆ. ರಕ್ತನಾಳ ಉದ್ದ ಇರುವುದರಿಂದ ಸಾಮಾನ್ಯವಾಗಿ ಎಡ ಕಿಡ್ನಿ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ 3ರಿಂದ 5 ದಿನ, ಕೂತು ಮಾಡುವ ಕೆಲಸಕ್ಕೆ 3-4 ವಾರ. ಭಾರ ಎತ್ತುವ ಕೆಲಸಕ್ಕೆ ಮಾತ್ರ 6ರಿಂದ 8 ವಾರ ಕಾಯಲೇಬೇಕು. ತುಂಬಿದ ಬಿಂದಿಗೆ, ಹಾಲಿನ ಕ್ಯಾನು, ಕಬ್ಬಿನ ಹೊರೆ, ಹುಲ್ಲಿನ ಹೊರೆ ಯಾವುದೂ ಬೇಡ. ಬೇಗ ಎತ್ತಿದರೆ ಹೊಟ್ಟೆಯ ಗಾಯದ ಜಾಗದಲ್ಲಿ ಹರ್ನಿಯಾ ಆಗಬಹುದು. ಆಮೇಲೆ ಹೊಲದ ಕೆಲಸ ಎಂದಿನಂತೆ ಮಾಡಬಹುದು.

ಒಂದು ಕಿಡ್ನಿ ತೆಗೆದ ತಕ್ಷಣ ಸೋಸುವ ಶಕ್ತಿ ಅರ್ಧಕ್ಕೆ ಇಳಿಯುತ್ತೆ, ಉಳಿದದ್ದು ಕೆಲಸ ಹೆಚ್ಚಿಸಿಕೊಂಡು ಮೊದಲಿನ 60-70%ಗೆ ಬಂದು ನಿಲ್ಲುತ್ತೆ. ಹಾಗಾಗಿ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) 0.8 ಇದ್ದದ್ದು 1.1, 1.2 ಆಗಬಹುದು. ವಿಷಯ ಗೊತ್ತಿಲ್ಲದ ಡಾಕ್ಟರು ಅದನ್ನು ನೋಡಿ ಕಿಡ್ನಿ ಕಾಯಿಲೆ ಅಂದುಬಿಡುತ್ತಾರೆ, ಮನೆಯವರು ಗಾಬರಿ ಬೀಳುತ್ತಾರೆ. ಡಿಸ್ಚಾರ್ಜ್ ಸಮರಿಯ ಒಂದು ಜೆರಾಕ್ಸ್ ದಾನಿಯ ಹತ್ತಿರ ಯಾವಾಗಲೂ ಇರಲಿ.

ಟೆಸ್ಟುಗಳ ಬಗ್ಗೆ. ಮೊದಲು ಕಡಿಮೆ ಖರ್ಚಿನವು: ಬ್ಲಡ್ ಗ್ರೂಪ್, ಬಿಪಿ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ (ಸೋರಿಹೋಗುವ ಪ್ರೋಟೀನ್), ಹೊಟ್ಟೆ ಸ್ಕ್ಯಾನ್. ಆಗದವರಲ್ಲಿ ಬಹುಪಾಲು ಇಲ್ಲೇ ಗೊತ್ತಾಗಿಬಿಡುತ್ತೆ. ಆಮೇಲೆ ಇಬ್ಬರ ಅಂಗಾಂಶ ಎಷ್ಟು ಹೊಂದುತ್ತೆ ಅಂತ ನೋಡುವ ಎಚ್‌ಎಲ್‌ಎ, ಕ್ರಾಸ್‌ಮ್ಯಾಚ್. ಆಮೇಲೆ ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡುತ್ತೆ ಅಂತ ನೋಡುವ ಡಿಟಿಪಿಎ ಸ್ಕ್ಯಾನ್, ಕೊನೆಗೆ ರಕ್ತನಾಳದ ಸಿಟಿ ಆಂಜಿಯೋ. ಬ್ಲಡ್ ಗ್ರೂಪಿನಲ್ಲಿ ಪಾಸಿಟಿವ್, ನೆಗೆಟಿವ್ ಲೆಕ್ಕಕ್ಕೆ ಬರುವುದಿಲ್ಲ. ಒ ನೆಗೆಟಿವ್ ರೋಗಿಗೆ ಒ ಪಾಸಿಟಿವ್ ತಮ್ಮ ಕೊಡಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಸರಿಯಾದ ದಾನಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ಪ್ರಮಾಣ, 90ರ ಮೇಲಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ, 60ಕ್ಕಿಂತ ಕಡಿಮೆ ಇದ್ದರೆ ಆಗಲ್ಲ. ನಡುವೆ ಇದ್ದರೆ ವಯಸ್ಸು ನೋಡಿ ಡಾಕ್ಟರು ಹೇಳುತ್ತಾರೆ.

24 ಗಂಟೆ ಮೂತ್ರದ ಟೆಸ್ಟಲ್ಲಿ ಎಡವುವವರು ಬಹಳ. ಬೆಳಗ್ಗೆ 6ಕ್ಕೆ ಶುರು ಅಂದರೆ, ಆ 6ರ ಮೂತ್ರವನ್ನು ಹೊರಗೇ ಮಾಡಿ ಬರಬೇಕು, ಕ್ಯಾನಿಗೆ ಹಾಕಬಾರದು. ಅಲ್ಲಿಂದ ಮಾರನೇ ದಿನ ಬೆಳಗ್ಗೆ 6ರದ್ದೂ ಸೇರಿ ಪೂರ್ತಿ ಕ್ಯಾನಿಗೆ. ಕ್ಯಾನು ತಂಪಾದ ಜಾಗದಲ್ಲಿರಲಿ. ಗದ್ದೆಗೆ ಹೋದಾಗ ಒಂದು ಸಲ ಅಲ್ಲೇ ಮಾಡಿಬಿಟ್ಟರೆ ಲೆಕ್ಕ ತಪ್ಪುತ್ತೆ, ಇನ್ನೊಂದು ದಿನ ಮತ್ತೆ ಮೊದಲಿನಿಂದ. ಆ ದಿನ ಮನೆಯಲ್ಲೇ ಇರಲು ಹೇಳಿ.

ಕ್ರಾಸ್‌ಮ್ಯಾಚ್ ಪಾಸಿಟಿವ್ ಅಂದರೆ ರೋಗಿಯ ರಕ್ತದಲ್ಲಿ ಆ ದಾನಿಯ ವಿರುದ್ಧ ಪ್ರತಿಕಾಯ ಇದೆ, ಹಾಗೇ ಕಸಿ ಮಾಡಿದರೆ ಕಿಡ್ನಿ ನಿಲ್ಲಲ್ಲ ಅಂತ. ರಕ್ತ ಹಾಕಿಸಿಕೊಂಡವರಲ್ಲಿ, ಹೆತ್ತ ತಾಯಂದಿರಲ್ಲಿ ಇದು ಹೆಚ್ಚು. ಹೆಂಡತಿ ಗಂಡನಿಗೆ ಕೊಡುವುದು ಸಲೀಸಾದರೂ ಅದೇ ಗಂಡ ಹೆಂಡತಿಗೆ ಕೊಡಲು ಹೋದಾಗ ಆಗದೇ ಇರಬಹುದು. ಬಸುರಿನಲ್ಲಿ ಮಗುವಿನ ಮೂಲಕ ಗಂಡನ ಅಂಶಕ್ಕೆ ಅವಳ ದೇಹ ಪ್ರತಿಕಾಯ ಬೆಳೆಸಿಕೊಂಡಿರುತ್ತೆ. "ಅವನಿಗೆ ಇಷ್ಟ ಇಲ್ಲ, ನಾಟಕ" ಅಂತ ಬಂಧುಗಳು ಆಡಿಕೊಳ್ಳುವ ಮುಂಚೆ ನೀವು ಈ ಕಾರಣ ತಿಳಿಸಿ. ಡಯಾಲಿಸಿಸ್ ರೋಗಿಗೆ ರಕ್ತ ಕಡಿಮೆ ಅಂತ ಸುಮ್ಮಸುಮ್ಮನೆ ಬಾಟಲಿ ಹಾಕಿಸಬೇಡಿ, ದೇಹವೇ ರಕ್ತ ಹೆಚ್ಚಿಸಿಕೊಳ್ಳುವಂತೆ ಮಾಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ ಅನ್ನುವುದೂ ನಿಮ್ಮ ಮಾತಿನಲ್ಲಿ ಬರಲಿ.

ಹೊಂದದ ಎರಡು ಜೋಡಿಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಜೋಡಿ ಹೊಂದಿಸುವ ಕೆಲಸ ಆಸ್ಪತ್ರೆಯದು. ನೀವು ಕೈ ಹಾಕಬೇಡಿ.

ಲಾಯರ್, ಶ್ರೀರಂಗಪಟ್ಟಣ:

ಫೇಸ್‌ಬುಕ್ ಪೋಸ್ಟಿನ ಪ್ರಶ್ನೆ ನಾನು ತಗೋತೀನಿ. ಹಾಕಬೇಡಿ. ಅಂಗಾಂಗ ಕಸಿಯ ಕಾನೂನು 1994ರದ್ದು, 2011ರಲ್ಲಿ ತಿದ್ದುಪಡಿ ಆಯ್ತು, ನಿಯಮಗಳು 2014ರವು. ಹಣಕ್ಕೆ ಅಂಗ ಕೊಡುವುದು, ಕೊಡುವವರನ್ನು ಹುಡುಕುವುದು, ಮಾತುಕತೆ ನಡೆಸುವುದು, ಅದಕ್ಕೆ ಜಾಹೀರಾತು ಹಾಕುವುದು ಎಲ್ಲಾ 19ನೇ ಸೆಕ್ಷನ್ ಕೆಳಗೆ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ದಂಡ. ನಿಮ್ಮ ಪೋಸ್ಟಲ್ಲಿ ದುಡ್ಡಿನ ಮಾತೇ ಇಲ್ಲದಿರಬಹುದು. ಆದರೆ ಕೆಳಗೆ ಕಾಮೆಂಟಿನಲ್ಲಿ ಬಂದು ಫೋನ್ ನಂಬರ್ ಬಿಡುವವನು ದಲ್ಲಾಳಿ. ರೋಗಿಯ ಮನೆಯವರು ಕಂಗಾಲಾಗಿ ಅವನಿಗೆ ಫೋನ್ ಮಾಡಿ ಮುಂಗಡ ಕಟ್ಟಿ ಕೈ ಸುಟ್ಟುಕೊಳ್ಳುತ್ತಾರೆ, ಪೊಲೀಸರು ಬಂದಾಗ ಮೊದಲು ಕಾಣುವುದು ನಿಮ್ಮ ಹೆಸರು. ಅಮೆರಿಕದಲ್ಲಿ ಗೊತ್ತಿಲ್ಲದವರಿಗೂ ಕಿಡ್ನಿ ಕೊಡುವ ವ್ಯವಸ್ಥೆ ಇದೆ. ನಮ್ಮ ಕಾನೂನು ಕಟ್ಟಿರುವುದು ಹತ್ತಿರದ ಸಂಬಂಧಿಗಳ ಮೇಲೆ.

ಹತ್ತಿರದ ಸಂಬಂಧಿ ಅಂದರೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಅಷ್ಟೇ. ದಾನಿಗೆ 18 ತುಂಬಿರಬೇಕು. ನಮ್ಮ ಕಡೆ ದೊಡ್ಡಪ್ಪನ ಮಗನನ್ನೂ ಅಣ್ಣ ಅಂತಲೇ ಕರೆಯುತ್ತೀವಿ, ಅರ್ಜಿಯಲ್ಲೂ ಅಣ್ಣ ಅಂತ ಬರೆದುಬಿಡುತ್ತಾರೆ. ತಂದೆ ಹೆಸರು ಬೇರೆ ಬಂದ ಕೂಡಲೇ ಫೈಲು ಅನುಮಾನಕ್ಕೆ ಬೀಳುತ್ತೆ. ಅವನು ಕೊಡಬಾರದು ಅಂತಲ್ಲ. ಚಿಕ್ಕಪ್ಪ, ಭಾವ, ಅತ್ತಿಗೆ, ಸೊಸೆ, ಅಳಿಯ, ಸ್ನೇಹಿತ ಇವರೆಲ್ಲ "ಹತ್ತಿರದ ಸಂಬಂಧಿ ಅಲ್ಲದವರು" ಅನ್ನುವ ದಾರಿಯಲ್ಲಿ ಹೋಗಬೇಕು, ಮೊದಲಿನಿಂದಲೇ ಹಾಗೇ ಬರೆಯಬೇಕು. ಸೋದರಮಾವನನ್ನು ಮದುವೆಯಾದ ಹೆಂಗಸು ಕೊಡುವುದಾದರೆ ಹೆಂಡತಿಯಾಗಿ ಅರ್ಜಿ ಹಾಕಲಿ, ಅಕ್ಕನ ಮಗಳಾಗಿ ಅಲ್ಲ.

ನಮೂನೆ 1 ಗಂಡಹೆಂಡತಿ ಬಿಟ್ಟು ಬೇರೆ ಹತ್ತಿರದ ಸಂಬಂಧಿಗೆ, 2 ಗಂಡಹೆಂಡತಿಗೆ, 3 ಹತ್ತಿರದ ಸಂಬಂಧಿ ಅಲ್ಲದವರಿಗೆ. 11 ದಾನಿ, ರೋಗಿ ಇಬ್ಬರೂ ಸೇರಿ ಹಾಕುವ ಅರ್ಜಿ. ನಮೂನೆ 3ರವರು ಅಧಿಕಾರ ಸಮಿತಿಯ, ಅಂದರೆ ದಾನ ದುಡ್ಡಿಗಲ್ಲ ಅಂತ ಪರೀಕ್ಷಿಸಿ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಕೂರಬೇಕು. ವರ್ಷಕ್ಕೆ 25ಕ್ಕೆ ಕಡಿಮೆ ಇಲ್ಲದಂತೆ ಕಸಿ ಮಾಡುವ ಆಸ್ಪತ್ರೆಗೆ ತನ್ನದೇ ಸಮಿತಿ ಇರುತ್ತೆ. ಸಂದರ್ಶನ ವಿಡಿಯೋ ಆಗುತ್ತೆ, ಇಬ್ಬರ ಮೂರು ವರ್ಷದ ಆದಾಯ ನೋಡುತ್ತಾರೆ, ದಾನಿಯ ಮನೆಯವರನ್ನೂ ಕರೆದು ಕೇಳುತ್ತಾರೆ, ಹಳೇ ಫೋಟೋ ಕೇಳುತ್ತಾರೆ. ಸ್ವಯಂಸೇವಕರು ಇಲ್ಲಿ ಮಾಡುವ ದೊಡ್ಡ ತಪ್ಪು ಅಂದರೆ ಉತ್ತರ ಹೇಳಿಕೊಟ್ಟು ಕಳಿಸುವುದು. ಬಾಯಿಪಾಠದ ಉತ್ತರ ಕೇಳಿದರೆ ಸಮಿತಿಗೆ ಅನುಮಾನ ಇನ್ನೂ ಹೆಚ್ಚಾಗುತ್ತೆ, ಅದು ಸರಿಯಾದ ಅನುಮಾನವೇ.

ಕಾಗದದಲ್ಲಿ ಸಿಕ್ಕಿಬೀಳುವುದು ಹೆಸರಲ್ಲಿ. ಆಧಾರ್‌ನಲ್ಲಿ ಸಿದ್ದಮ್ಮ, ರೇಷನ್ ಕಾರ್ಡಲ್ಲಿ ಸಿದ್ದಲಿಂಗಮ್ಮ, ವೋಟರ್ ಐಡಿಯಲ್ಲಿ ಗಂಡನ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು. ಟೆಸ್ಟ್ ನಡೆಯುತ್ತಿರುವಾಗಲೇ ಇದನ್ನು ಸರಿ ಮಾಡಿಸಲು ಕಳಿಸಿ, ಕೊನೆಗೆ ಅಂತ ಬಿಡಬೇಡಿ. ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತೆ. ಮದುವೆ ನೋಂದಣಿ ಆಗಿಲ್ಲದಿದ್ದರೆ ಮದುವೆ ಫೋಟೋ, ಮಕ್ಕಳ ಜನನ ಪತ್ರ ಜೋಡಿಸಿಡಿ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ದಾನಿಗೆ ಆದ ನೇರ ಖರ್ಚು, ಕಳಕೊಂಡ ದುಡಿಮೆ ಇವನ್ನು ತುಂಬಿಕೊಡುವುದನ್ನು ಕಾನೂನು "ಪಾವತಿ"ಯಿಂದ ಹೊರಗಿಟ್ಟಿದೆ. ಬಸ್ ಚಾರ್ಜು, ಕೂಲಿ ನಷ್ಟ ಕೊಡುವುದು ಮಾರಾಟವಲ್ಲ. ಆದರೆ ರಸೀದಿ ಇರಲಿ, ಆಸ್ಪತ್ರೆಯ ಗಮನಕ್ಕೆ ತಂದಿರಲಿ. ಸ್ವಯಂಸೇವಕರ ಕೈಯಿಂದ ದಾನಿಯ ಕೈಗೆ ನಗದು ಯಾವ ಕಾರಣಕ್ಕೂ ಹೋಗದಿರಲಿ.

ಡಯಾಲಿಸಿಸ್ ಸಿಸ್ಟರ್, ಮೈಸೂರು:

ಜಾಗ, ಹೊತ್ತಿನ ಬಗ್ಗೆ ಹೇಳ್ತೀನಿ. ಒಂದು ಡಯಾಲಿಸಿಸ್ 4 ಗಂಟೆ, ವಾರಕ್ಕೆ ಎರಡು ಇಲ್ಲಾ ಮೂರು ಸಲ. ಮೊದಲ ಅರ್ಧ ಗಂಟೆ ಮೆಷಿನ್‌ಗೆ ಹಾಕೋ ಗಡಿಬಿಡಿ, ನಮ್ಮ ಹತ್ತಿರ ಬರಬೇಡಿ. ಕೊನೇ ಗಂಟೆ ರೋಗಿಗೆ ಬಿಪಿ ಇಳಿಯೋದು, ಕಾಲು ಸೆಳೆತ ಬರೋದು ಹೆಚ್ಚು, ಆಗಲೂ ಬೇಡ. ನಡುವಿನ ಎರಡು ಗಂಟೆ ಹೊರಗಡೆ ಬೆಂಚಿನ ಮೇಲೆ ಜೊತೆಗೆ ಬಂದವರು ಸುಮ್ಮನೆ ಕೂತಿರ್ತಾರೆ. ಮಾತಾಡಬೇಕಾದ್ದು ಅವರ ಜೊತೆ, ಅಲ್ಲಿ. ಬೆಡ್ ಪಕ್ಕದಲ್ಲಿ ನಿಂತು, ರೋಗಿ ಕೇಳಿಸಿಕೊಳ್ಳೋ ಹಾಗೆ "ನಿಮ್ಮನೇಲಿ ಯಾರು ಕೊಡ್ತೀರಿ?" ಅಂತ ಕೇಳಲೇಬೇಡಿ. ಅಲ್ಲಿ ತಮ್ಮನೋ ಮಗಳೋ ಇಲ್ಲ ಅನ್ನೋಕಾಗಲ್ಲ, ಹೂಂ ಅಂದ ಮೇಲೆ ವಾಪಸ್ ಬರೋಕಾಗಲ್ಲ. ಮೊದಲು ಆಸ್ಪತ್ರೆಯವರ ಅನುಮತಿ ಪತ್ರ ತಗೊಳ್ಳಿ. ರೋಗಿಗಳ ಪಟ್ಟಿ, ಫೋನ್ ನಂಬರ್ ಕೇಳಬೇಡಿ, ಅದು ಕೊಡೋ ಹಾಗಿಲ್ಲ.

ಹಳ್ಳೀಲಾದ್ರೆ ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಮೂಲಕ ಹೋಗಿ. ಡೇರಿಗೆ ಹಾಲು ಹಾಕೋ ಹೊತ್ತಲ್ಲಿ ಗಂಡಸರೂ ಹೆಂಗಸರೂ ಇಬ್ಬರೂ ಸಿಗ್ತಾರೆ, ಆದರೆ ನಿಲ್ಲೋದು ಐದತ್ತು ನಿಮಿಷ. ಅಲ್ಲಿ ಬಿಪಿ, ಶುಗರ್ ಚೆಕ್ ಮಾಡಿಸಿ ಅನ್ನೋದಷ್ಟೇ ಹೇಳಿ, ಕೂತು ಕೇಳೋರಿಗೆ ಬೇರೆ ದಿನ ಇಡಿ. ಮಾರ್ಚ್ ಎರಡನೇ ಗುರುವಾರದ ವಿಶ್ವ ಕಿಡ್ನಿ ದಿನಕ್ಕೆ ಎಲ್ಲರೂ ಬ್ಯಾನರ್ ಕಟ್ತಾರೆ. ಉಪಯೋಗ ಆಗೋದು ವರ್ಷಪೂರ್ತಿ ಅದೇ ಮುಖ ಅದೇ ಬೆಂಚಿನ ಹತ್ತಿರ ಕಂಡಾಗ.

ನಂಬಿಕೆ ಬರೋಕೆ ಒಂದು ಉದಾಹರಣೆ ಹೇಳಿ. ಮೊದಲ ಯಶಸ್ವಿ ಕಿಡ್ನಿ ಕಸಿ 1954ರ ಡಿಸೆಂಬರ್ 23ಕ್ಕೆ ಬಾಸ್ಟನ್ನಿನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಆಯ್ತು. ಕೊಟ್ಟವರು 2010ರ ತನಕ, 79 ವರ್ಷ ಬದುಕಿದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಆಯ್ತು, ಹೊಸ ಪ್ರಯೋಗ ಏನಲ್ಲ.

ರೋಗಿ ಕಡೆಯವರಿಗೆ ಸುಳ್ಳು ಆಸೆ ಕೊಡಬೇಡಿ. ಕಸಿ ಆದ್ರೆ ಕಾಯಿಲೆ ವಾಸಿ ಅಲ್ಲ. ಬದುಕಿರೋ ದಾನಿ ಕೊಟ್ಟ ಕಿಡ್ನಿ ಸಾಮಾನ್ಯವಾಗಿ 15-20 ವರ್ಷ ಕೆಲಸ ಮಾಡುತ್ತೆ. ದೇಹ ಹೊಸ ಕಿಡ್ನಿನ ತಳ್ಳಿಹಾಕದ ಹಾಗೆ ತಡೆಯೋ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್ ಮಾತ್ರೆ ದಿನಾ ಅದೇ ಹೊತ್ತಿಗೆ, ಕಿಡ್ನಿ ಇರೋ ತನಕ. ಚೆನ್ನಾಗಿದೀನಿ ಅಂತ ಮಾತ್ರೆ ಬಿಟ್ಟು ಕಿಡ್ನಿ ಕಳಕೊಳ್ಳೋರು ಇದ್ದಾರೆ, ದಾನಿ ಕೊಟ್ಟಿದ್ದೂ ವ್ಯರ್ಥ ಆಗುತ್ತೆ. ಮಾತ್ರೆ ಖರ್ಚು ತಿಂಗಳಿಗೆ ಸಾವಿರಗಳಲ್ಲಿ ಬರುತ್ತೆ. ಬಿಪಿಎಲ್ ಕಾರ್ಡಿನವರು ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಲ್ಲಿ ಸರ್ಕಾರದ ಯೋಜನೆಯಲ್ಲಿ ಆಪರೇಷನ್‌ಗೆ ಎಷ್ಟು, ಮಾತ್ರೆಗೆ ಎಷ್ಟು ಅಂತ ಎರಡನ್ನೂ ಬಿಡಿಬಿಡಿಯಾಗಿ ಕೇಳಲಿ, ಆಪರೇಷನ್‌ಗೆ ಮುಂಚೆ.

ಇನ್ನೊಂದು, ಕಿಡ್ನಿಯಲ್ಲಿ ನೀರುಗುಳ್ಳೆ ಆಗೋ ವಂಶದ ಕಾಯಿಲೆ, ಅದೇ ಪಾಲಿಸಿಸ್ಟಿಕ್, ಇರೋ ಮನೇಲಿ ಚಿಕ್ಕ ವಯಸ್ಸಿನ ತಮ್ಮ, ಮಗಳು ಸ್ಕ್ಯಾನಲ್ಲಿ ಕ್ಲೀನ್ ಬಂದ್ರೂ ಅಷ್ಟಕ್ಕೇ ಒಪ್ಪಬಾರದು. ಗುಳ್ಳೆ ಆಮೇಲೆ ಕಾಣಿಸಿಕೊಳ್ಳಬಹುದು.

ಕಾವೇರಿದಂಡೆ, ಮಂಡ್ಯ:

ಎಲ್ಲರಿಗೂ ತುಂಬಾ ಧನ್ಯವಾದ. ಪೋಸ್ಟ್ ಹಾಕುವ ಯೋಚನೆ ಕೈಬಿಟ್ಟೆವು. ಇನ್ನೆರಡು ಕೇಳ್ತೀನಿ. ಸಭೆಯಲ್ಲಿ ಯಾರಾದರೂ ಸಾಲ ಇದೆ, ದುಡ್ಡು ಕೊಟ್ಟರೆ ಕೊಡ್ತೀನಿ ಅಂದರೆ ಏನು ಮಾಡಬೇಕು? ಮನೆಯವರೆಲ್ಲ ಸೇರಿ ಸೊಸೆಯನ್ನೋ ಹೆಂಡತಿಯನ್ನೋ ಮುಂದೆ ತಳ್ಳುತ್ತಿದ್ದಾರೆ ಅನ್ನಿಸಿದರೆ?

ಸಮಾಜಕಾರ್ಯ, ಮೈಸೂರು:

ದುಡ್ಡು ಕೇಳಿದವರಿಗೆ ಎಲ್ಲರ ಮುಂದೆ ಬೈಯಬೇಡಿ, ಅವರು ಕಷ್ಟದಲ್ಲಿದ್ದಾರೆ. ಕಿಡ್ನಿ ಮಾರಿದರೆ ಕೊಟ್ಟವರಿಗೂ ಕೊಂಡವರಿಗೂ ಜೈಲು, ದಲ್ಲಾಳಿ ಹೇಳಿದ ಮೊತ್ತ ಕೈಗೆ ಬರುತ್ತೆ ಅನ್ನುವ ಖಾತ್ರಿ ಇಲ್ಲ, ಆಮೇಲೆ ತಪಾಸಣೆಗೆ ಕರೆಯುವವರೂ ಇರುವುದಿಲ್ಲ ಅಂತ ನೇರವಾಗಿ ಹೇಳಿ. ಅವರ ಹೆಸರು, ನಂಬರು ಬರೆದುಕೊಳ್ಳಬೇಡಿ, ಯಾವ ರೋಗಿಯ ಮನೆಯವರಿಗೂ ಅವರ ಸುದ್ದಿ ಮುಟ್ಟಿಸಬೇಡಿ. ಸಾಲದ ಕಿರುಕುಳ ಇದ್ದರೆ ಅದನ್ನು ಬೇರೆ ವಿಷಯವಾಗಿಯೇ ನೋಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಿ.

ಎರಡನೆಯದು ನನಗೆ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ನಮ್ಮ ದೇಶದಲ್ಲಿ ಬದುಕಿದ್ದು ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ದಾನಿ ಹೆಂಗಸಾದರೆ ಅವಳ ಗುರುತನ್ನೂ ಸ್ವಂತ ಒಪ್ಪಿಗೆಯನ್ನೂ ರೋಗಿಯಲ್ಲದ ಬೇರೆಯವರಿಂದ ಖಚಿತ ಮಾಡಿಕೊಳ್ಳಬೇಕು ಅಂತ 2014ರ ನಿಯಮದಲ್ಲೇ ಇದೆ. ನೀವು ಮಾಡಬೇಕಾದ್ದು ಒಂದು: ಆಕೆಯ ಜೊತೆ ಹೆಂಗಸು ಸ್ವಯಂಸೇವಕಿ ಒಬ್ಬರೇ ಕೂತು ಮಾತಾಡಲಿ, ಅತ್ತೆ, ಗಂಡ ಯಾರೂ ಜೊತೆಗಿಲ್ಲದೆ. "ಕೊಡ್ತೀರಾ?" ಅನ್ನಬೇಡಿ. "ಕೊಡಲ್ಲ ಅಂದರೆ ಮನೇಲಿ ಏನಾಗುತ್ತೆ?" ಅಂತ ಕೇಳಿ. ಉತ್ತರದಲ್ಲೇ ಎಲ್ಲಾ ಗೊತ್ತಾಗುತ್ತೆ.

ಇಷ್ಟ ಇಲ್ಲದವರು ಆಸ್ಪತ್ರೆಯ ಸಂಯೋಜಕರಿಗೋ ಮನೋವೈದ್ಯರಿಗೋ ಗುಟ್ಟಾಗಿ ಹೇಳಬಹುದು. "ಇವರು ದಾನಿಯಾಗಲು ಹೊಂದುವುದಿಲ್ಲ" ಅಂತಷ್ಟೇ ಹೇಳಿ, ಕಾರಣ ಬಿಡಿಸದೆ ಮನೆಯವರನ್ನು ಕಳಿಸುವ ಪದ್ಧತಿ ಕಸಿ ಕೇಂದ್ರಗಳಲ್ಲಿ ಇದೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತೂ ಬೇಡ ಅನ್ನುವ ಹಕ್ಕು ದಾನಿಗಿದೆ. ಈ ಎರಡು ಮಾತನ್ನು ಪ್ರತಿ ಸಭೆಯಲ್ಲೂ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಆಗ ಬೇಕಾದವರು ಬೇರೆಯಾಗಿ ಬಂದು ಕೇಳುವ ಪ್ರಮೇಯವೇ ಬರುವುದಿಲ್ಲ.

ರಜೆಯ ಬಗ್ಗೆ: ಕೇಂದ್ರ ಸರ್ಕಾರಿ ನೌಕರರು ಅಂಗ ದಾನ ಮಾಡಿದರೆ 42 ದಿನದವರೆಗೆ ವಿಶೇಷ ಸಾಂದರ್ಭಿಕ ರಜೆ ಇದೆ, 2023ರಿಂದ. ಕೂಲಿ ಮಾಡುವವರಿಗೆ ಅಂಥದ್ದೇನೂ ಇಲ್ಲ. ಒಂದೂವರೆ ಎರಡು ತಿಂಗಳು ದಾನಿ ದುಡಿಯುವಂತಿಲ್ಲ, ರೋಗಿಯೂ ಮಲಗಿರುತ್ತಾರೆ. ಆ ಎರಡು ತಿಂಗಳು ದನ ಕಟ್ಟುವವರು ಯಾರು, ಮಕ್ಕಳಿಗೆ ಅನ್ನ ಮಾಡುವವರು ಯಾರು, ರೋಗಿಯನ್ನು ಫಾಲೋಅಪ್‌ಗೆ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯುವವರು ಯಾರು ಅಂತ ದಾನಿಯ ಟೆಸ್ಟ್ ಮುಗಿಯುವಷ್ಟರಲ್ಲಿ ಮನೆಯವರ ಕೈಲಿ ಹೆಸರು ಬರೆಸಿ. ಇದು ಮಾತ್ರ ಸ್ವಯಂಸೇವಕರು ಧಾರಾಳವಾಗಿ ಕೈಹಾಕಬಹುದಾದ ಕೆಲಸ.

ದಾನ ಆದ ಮೇಲೆ 6 ತಿಂಗಳಿಗೆ, 1 ವರ್ಷಕ್ಕೆ, ಅಲ್ಲಿಂದ ವರ್ಷಕ್ಕೊಂದು ಸಲ ದಾನಿಯ ಬಿಪಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸಬೇಕು. ಮನೆಯವರು ರೋಗಿಯನ್ನು ತಪ್ಪದೆ ಕರೆದೊಯ್ಯುತ್ತಾರೆ, ದಾನಿಯನ್ನು ಮರೆಯುತ್ತಾರೆ. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು, ಏನು ಸೇರಿಸಿದ್ದಾರೆ ಅಂತ ಗೊತ್ತಿಲ್ಲದ ಭಸ್ಮ, ಪುಡಿ ಬೇಡ. ಪ್ಯಾರಾಸಿಟಮಾಲ್ ಡಾಕ್ಟರು ಹೇಳಿದಷ್ಟು ತಗೋಬಹುದು. ನಿಮ್ಮ ಕರಪತ್ರದ ಹಿಂಬದಿಯಲ್ಲಿ ಈ ಮಾತ್ರೆಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ದಾನಿ ಅಂಗಡಿಯವರಿಗೆ ತೋರಿಸಿ ಕೇಳುವ ಹಾಗೆ ಇರಲಿ.